ಹೆಳವ ತೆಗೆದ ಹೆಸರು

ಮಂಡಕಳ್ಳಿಯ ಹೊಲ ಬಿಟ್ಟು ನಾವು ಲಕ್ಷ್ಮೀಪುರಂನ ವಠಾರಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ಸ್ವಾತಂತ್ರ್ಯ ಬಂದ ಹೊಸತು. ಅಪ್ಪ ಕಚೇರಿಯಲ್ಲಿ ಗುಮಾಸ್ತರು. ಊರಿನ ಯಾವ ನಂಟೂ ಬೇಡವೆನ್ನುತ್ತಿದ್ದ ಅವರು ಹೆಳವನನ್ನು ಮಾತ್ರ ಬಿಟ್ಟಿರಲಿಲ್ಲ. ಒಕ್ಕಲು ಮನೆತನಗಳ ವಂಶವನ್ನು ಬಾಯಿಪಾಠ ಮಾಡಿಕೊಂಡು, ಎತ್ತಿನ ಮೇಲೆ ಊರೂರು ತಿರುಗಿ, ಕೆಲವು ವರ್ಷಕ್ಕೊಮ್ಮೆ ಮನೆ ಮುಂದೆ ನಿಂತು ಹಾಡುವವನು ಅವನು. ಹಿಂದಿನ ಸಲ ಬಂದಾಗ ಅಪ್ಪ ಹೊಸ ಪಂಚೆ, ಚೀಲ ತುಂಬ ರಾಗಿ ಕೊಟ್ಟು, ಆಗತಾನೇ ಹುಟ್ಟಿದ್ದ ನನ್ನ ತಮ್ಮನ ಹೆಸರನ್ನು ವಂಶದ ಹಾಡಿಗೆ ಸೇರಿಸಿದ್ದರು. ನಾನು ಹುಟ್ಟಿದ್ದಕ್ಕೆ ಒಂದು ಹಿಡಿ ರಾಗಿಯೂ ಖರ್ಚಾಗಿರಲಿಲ್ಲ. ಹೆಣ್ಣು ಆ ಹಾಡಿಗೆ ಸೇರುವುದಿಲ್ಲವಂತೆ. ವಂಶ ಬೆಳೆಸುವವರು ಗಂಡಸರೇ, ಹೊತ್ತು ಹೆರುವುದಕ್ಕೆ ಮಾತ್ರ ಬೇರೆಯವರು ಬೇಕು!

ತಮ್ಮ ಎರಡು ವರ್ಷಕ್ಕೇ ಜ್ವರ ಬಂದು ತೀರಿಕೊಂಡ. ಅಮ್ಮನಿಗೆ ಮತ್ತೆ ಮಕ್ಕಳಾಗಲಿಲ್ಲ. ಅವನ ಹೆಸರೆತ್ತಿದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು. ಹಾಗಾಗಿ ನಾವು ಎತ್ತುತ್ತಲೇ ಇರಲಿಲ್ಲ.

ಹೆಳವ ಮತ್ತೆ ಬಂದಾಗ ನನಗೆ ಹತ್ತೋ ಹನ್ನೊಂದೋ. ತಮ್ಮ ಹೋದ ಸುದ್ದಿಯನ್ನು ಅವನಿಗೆ ಯಾರೂ ಮುಟ್ಟಿಸಿರಲಿಲ್ಲ. ಗಂಟೆ ಬಾರಿಸುತ್ತ ಮೂಲಪುರುಷನಿಂದ ಹಿಡಿದು ಮಗ, ಮೊಮ್ಮಗ, ಮರಿಮಗ ಎಂದು ಇಳಿಯುತ್ತ ತಾತನಿಗೆ ಬಂದ, ಅಪ್ಪನಿಗೆ ಬಂದ. ಕೊನೆಗೆ ತಮ್ಮನ ಹೆಸರು ಹೇಳಿ, ನೂರು ವರ್ಷ ಬಾಳಲಿ ಎಂದ. ಮೊರದಲ್ಲಿ ಅಕ್ಕಿ ತಂದಿದ್ದ ಅಮ್ಮ ಹೊಸ್ತಿಲಲ್ಲೇ ನಿಂತಳು. ಅಳುತ್ತಾಳೆಂದುಕೊಂಡೆ. ಅವಳ ಮುಖ ಅರಳಿಬಿಟ್ಟಿತ್ತು. ನನಗೆ ಭಯವಾಯಿತು.

“ಆ ಮಗ ಇಲ್ಲ ಈಗ. ತೆಗೆದ್ಬುಡಯ್ಯ,” ಎಂದರು ಅಪ್ಪ.

“ಇರ್ಲಿ ಬುಡಿ. ಅಲ್ಲಾದ್ರೂ ಇರ್ಲಿ ನನ್ ಕಂದ,” ಅಮ್ಮ ಅಂಗಲಾಚಿದಳು.

ಹೆಳವ ಆಗುವುದಿಲ್ಲವೆಂದು ತಲೆಯಾಡಿಸಿದ. “ಮಕ್ಳಿಲ್ದೆ ಹೋದೋರ್ನ ನಾವು ಹೇಳಂಗಿಲ್ಲ ಕಣವ್ವ. ಅವರಿಂದ ಮುಂದಕ್ಕೆ ಬಳ್ಳಿ ಹಬ್ಬಕಿಲ್ಲ.”

ಹೆಸರು ತೆಗೆದ ಮೇಲೆ ಮೊದಲಿನಿಂದ ಮತ್ತೊಮ್ಮೆ ಹಾಡಬೇಕು. ಹಾಡಿದ. ಈ ಸಲ ಅಪ್ಪನ ಹೆಸರಿಗೆ ಬಂದು ನಿಲ್ಲಿಸಿದ.

“ಆಮೇಲೆ?” ಅಮ್ಮ ಕೇಳಿದಳು.

“ಆಮೇಲೆ ಯಾರೂ ಇಲ್ಲ ಕಣವ್ವ.”

ಅಮ್ಮ ಮೊರವನ್ನು ಅಲ್ಲೇ ಕುಕ್ಕಿ, ಬಾಗಿಲಿಗೆ ತಲೆ ಚಚ್ಚಿಕೊಂಡಳು. “ಯಾರೂ ಇಲ್ವಲ್ಲಪ್ಪೋ, ನಂಗೆ ಯಾರೂ ಇಲ್ವಲ್ಲ!” ಎಂದು ವಠಾರವೆಲ್ಲ ಕೇಳುವಂತೆ ಅತ್ತಳು. ನಾನು ಅವಳ ಸೆರಗು ಹಿಡಿದುಕೊಂಡೇ ನಿಂತಿದ್ದೆ.