ಮುಚ್ಚಿದ ಅಂಗಡಿಗಳ ತೌನೊ
ದಿನಕ್ಕೊಂದು ಗಾಜಿನ ಕಟ್ಟಡ ಏಳುವ ತಾಂಪೆರೆ ನಗರದಲ್ಲಿ, ಹತ್ತಿ ಗಿರಣಿಯಿಂದ ನಿವೃತ್ತನಾದ ತೌನೊ ರೆಕೊಲಾನಿಗೆ ಒಂದೇ ಕೆಲಸ: ಮುಚ್ಚಿಹೋದ ಅಂಗಡಿಗಳನ್ನು ಹೊಗಳುವುದು. ದಾರಿ ಕೇಳಿದವರಿಗೆ, ಇಪ್ಪತ್ತು ವರ್ಷದ ಹಿಂದೆ ನೆಲಸಮವಾದ ಮೀನಂಗಡಿಯ ಹತ್ತಿರ ಎಡಕ್ಕೆ ತಿರುಗಿ ಎನ್ನುತ್ತಿದ್ದ. ತಿರುಗಿದವರು ಬ್ಯಾಂಕಿನ ಗಾಜಿಗೆ ಮೂಗು ಜಜ್ಜಿಕೊಳ್ಳುತ್ತಿದ್ದರು. ಅಂಗಡಿ ಮುಚ್ಚಿದ ಕ್ಷೌರಿಕ ಅರ್ಹೊ ಹಿಂದೊಮ್ಮೆ ಕೊಯ್ದಿದ್ದ ತನ್ನ ಕಿವಿಯ ತುದಿಯನ್ನು ತೌನೊ ಪದಕದಂತೆ ತೋರಿಸುತ್ತಿದ್ದ. ಹಿಲ್ಕಾಳ ಹೋಟೆಲಿನ ಬಟಾಣಿ ಸಾರಿನಲ್ಲಿ ಗುರುವಾರ ನೆಟ್ಟ ಚಮಚ ಶನಿವಾರದವರೆಗೂ ನಿಂತೇ ಇರುತ್ತಿತ್ತು ಎನ್ನುವಾಗಲಂತೂ ಅವನ ಕಣ್ಣು ತುಂಬಿ ಬರುತ್ತಿತ್ತು. ಆ ಹೋಟೆಲಿದ್ದ ಜಾಗದಲ್ಲೀಗ ಕಾಫಿ ಅಂಗಡಿ. ಅಲ್ಲಿ ಕಾಫಿ ಕೊಡುವ ಸಾಯಿಮಿ ಒಂದು ದಿನ ಕೇಳಿಯೇಬಿಟ್ಟಳು: "ಅಲ್ಲ ಅಜ್ಜ, ಒಬ್ಬ ಕಿವಿ ಕೊಯ್ದ, ಒಬ್ಳು ಗಾರೆ ಬಡಿಸಿದ್ಲು. ಇವ್ರಿಗೋಸ್ಕರ ಯಾಕೆ ಅಳ್ತೀರಿ?" ತೌನೊ ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟ. "ನನ್ ಹೆಂಡ್ತಿ ತೀರ್ಕೊಂಡ ವಾರ ನಾನು ಊಟಕ್ಕೆ ಹೋಗ್ಲಿಲ್ಲ. ಹಿಲ್ಕಾ ಸೌಟು ಹಿಡ್ಕೊಂಡೇ ಮೂರನೇ ಮಹಡಿ ಹತ್ತಿ ಬಂದು, 'ಏ ತೌನೊ, ಸಾರು ಆರ್ತಾ ಇದೆ, ಏಳೋ' ಅಂತ ಬೈದ್ಲು. ಈಗ ನಾನು ಒಂದು ತಿಂಗ್ಳು ಇಲ್ಲಿಗೆ ಬರ್ದೇ ಇದ್ರೆ ಯಾರಿಗೆ ಗೊತ್ತಾಗತ್ತೆ, ಹೇಳು?" ಸಾಯಿಮಿ ಒಂದು ಚೀಟಿ, ಪೆನ್ನು ತೆಗೆದುಕೊಂಡು ಎದುರು ಕೂತಳು. "ಮೂರನೇ ಮಹಡಿ ಅಂದ್ರಿ. ಬೀದಿ ಯಾವ್ದು?"