ಅಣ್ಣನ ಎಡ ಅಂಗೈ

ಮೊನ್ನೆ ಭಾನುವಾರ ನಮ್ಮ ಬಚ್ಚಲುಮನೆಯಿಂದ ಮೊಟ್ಟೆಯ ವಾಸನೆ ಬಂತು. ದೇವರಾಜ ಅರಸು ಬಡಾವಣೆಯ ಈ ಮನೆಗೆ ಬಂದು ಮೂವತ್ತು ವರ್ಷವಾಯಿತು. ಬೆಳ್ಳುಳ್ಳಿಗಿಂತ ಆಚೆಯ ಯಾವ ವಾಸನೆಯೂ ಇದರ ಹೊಸ್ತಿಲು ದಾಟಿರಲಿಲ್ಲ. ವಿಚಾರಿಸಿದರೆ, ಮೊಮ್ಮಗಳು ಕೂದಲು ಹೊಳೆಯಲಿ ಅಂತ ಮೊಟ್ಟೆಯ ಬಿಳಿಯನ್ನು ತಲೆಗೆ ಬಳಿದುಕೊಂಡು ಕೂತಿದ್ದಾಳೆ. ಸೊಸೆ ಬಾಗಿಲ ಹೊರಗೆ ನಿಂತು ಬೈಯುತ್ತಿದ್ದಳು. ಇಂಥ ಹೊತ್ತಿನಲ್ಲಿ ಬೈಗುಳದ ಮುಂದಾಳತ್ವ ಸಾಮಾನ್ಯವಾಗಿ ನನ್ನದೇ. ಅವತ್ತು ಮಾತ್ರ ಅಲ್ಲೇ ಇದ್ದ ಮಣೆಯ ಮೇಲೆ ಕೂತುಬಿಟ್ಟೆ. ಆ ವಾಸನೆಯನ್ನು ನಾನು ಹದಿನೇಳನೇ ವಯಸ್ಸಿನಲ್ಲಿ ಕುಡಿದಿದ್ದೆ, ನಮ್ಮಣ್ಣನ ಕೈಯಿಂದ.

ನಮ್ಮಣ್ಣ ಕೊಟ್ರೇಶಿ ಭಾರತದ ಪರವಾಗಿ ಕ್ರಿಕೆಟ್ ಆಡಿದವನು ಅಂದರೆ ನೀವು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡುತ್ತೀರಿ. ನೋಡಿ, ಬೇಸರವಿಲ್ಲ. ಆಡಿದ್ದು ಒಂದೇ ಟೆಸ್ಟ್. ಒಂದಕ್ಕೆ ಯಾರು ಲೆಕ್ಕ ಇಡುತ್ತಾರೆ? ಅವನು ವಿಕೆಟ್ ಕೀಪರು. ಆ ಮಾತಿನ ಅರ್ಥ ನನಗೆ ತಿಳಿಯುವ ಹೊತ್ತಿಗೆ ಅವನ ಆಟವೇ ಮುಗಿದಿತ್ತು. ಮೂರು ಕಡ್ಡಿ ನೆಟ್ಟು ಅದರ ಹಿಂದೆ ಕುಕ್ಕರುಗಾಲಿನಲ್ಲಿ ಕೂರುವ ಕೆಲಸಕ್ಕೆ ದೇಶದವರೆಲ್ಲ ಯಾಕೆ ಪೈಪೋಟಿ ಮಾಡುತ್ತಾರೆ ಅಂತ ನನಗೆ ಆಶ್ಚರ್ಯವಾಗುತ್ತಿತ್ತು.

ಅಪ್ಪಾಜಿ ತೀರಿಕೊಂಡು ಬಹಳ ವರ್ಷವಾಗಿತ್ತು. ಹಳೇಪೇಟೆಯ ಮನೆಯಲ್ಲಿ ಅವ್ವ, ಅಣ್ಣ, ನಾನು. ಅಣ್ಣ ಹತ್ತಿ ಗಿರಣಿಯಲ್ಲಿ ಗುಮಾಸ್ತ. ಗಿರಣಿಯ ಹಿಂದಿನ ಬಯಲಿನಲ್ಲಿ ಸಂಜೆ ನಾರಿನ ಮ್ಯಾಟು ಹಾಸಿ, ಸುತ್ತ ಮೊಳೆ ಹೊಡೆದು ಬಿಗಿದು ಆಡುತ್ತಿದ್ದರು. ದಾವಣಗೆರೆಯ ಬಿಸಿಲಿಗೆ ಹುಲ್ಲು ಎಲ್ಲಿಂದ ಬರಬೇಕು? ಆ ಮ್ಯಾಟಿನ ಮೇಲೆ ಚೆಂಡು ಬಿದ್ದರೆ ಹಾವಿನಂತೆ ಏಳುತ್ತಿತ್ತಂತೆ. ಅದನ್ನು ಹಿಡಿದು ಹಿಡಿದೇ ಅವನ ಕೈ ಪಳಗಿದ್ದು. ಹಾಗೆ ಮೈಸೂರು ರಾಜ್ಯದ ತಂಡಕ್ಕೆ ಹೋದ, ಮೂರು ವರ್ಷ ಆಡಿದ. ಆಮೇಲೆ ಒಂದು ದಿನ ಮದರಾಸಿನಲ್ಲಿ ನಡೆಯುವ ಟೆಸ್ಟಿಗೆ ಬರಬೇಕೆಂದು ಕಾಗದ ಬಂತು. ಅವ್ವ ಅದನ್ನು ದೇವರ ಗೂಡಿನಲ್ಲಿಟ್ಟು ವಿಭೂತಿ ಹಚ್ಚಿದಳು.

ಪಂದ್ಯಕ್ಕೆ ಇನ್ನು ಹದಿನಾರು ದಿನ. ಸಂಜೆಯ ಆಟದಲ್ಲಿ ಮ್ಯಾಟಿನ ಒಂದು ಮೊಳೆ ಸಡಿಲಾಗಿ, ಮಡಿಕೆ ಎದ್ದು, ಅದರ ಮೇಲೆ ಬಿದ್ದ ಚೆಂಡು ಅಣ್ಣನ ಎಡ ಹೆಬ್ಬೆರಳ ಬುಡಕ್ಕೆ ಬಡಿಯಿತು. ಸರ್ಕಾರಿ ಆಸ್ಪತ್ರೆಗೆ ಹೋದರೆ ಸುದ್ದಿ ಊರೆಲ್ಲ ಹರಡಿ ಮದರಾಸಿಗೂ ಮುಟ್ಟುತ್ತದೆ, ತಂಡದಿಂದ ತೆಗೆದೇ ಬಿಡುತ್ತಾರೆ ಅಂತ ಅವನ ಭಯ. ಮರುದಿನ ನನ್ನನ್ನು ಕರೆದುಕೊಂಡು ರೈಲು ಹತ್ತಿ ಹರಿಹರಕ್ಕೆ ಹೋದ. ಅವ್ವನಿಗೆ ಹೇಳಿದ್ದು ಹರಿಹರೇಶ್ವರನ ದರ್ಶನ. ಹೋಗಿದ್ದು ಹೊಳೆಯ ದಾರಿಯಲ್ಲಿದ್ದ ಖಾಸಿಂ ಸಾಬರ ಮನೆಗೆ. ಮುರಿದ ಎಲುಬು ಕೂಡಿಸುವುದರಲ್ಲಿ ಅವರದು ದೊಡ್ಡ ಹೆಸರು.

ಸಾಬರು ಕೈಯನ್ನು ಒತ್ತಿ ನೋಡಿದರು. "ಎಲುಬು ಬಿರಿದೈತೆ ಬೇಟಾ, ಜರುಗಿಲ್ಲ" ಅಂದರು. ಮಣ್ಣಿನ ಪರಾತದಲ್ಲಿ ಏನೋ ಬಿಳಿಯದನ್ನು ಕಲಸುತ್ತ ನನ್ನ ಕಡೆ ನೋಡಿದರು. "ಉದ್ದಿನ ಹಿಟ್ಟು, ತತ್ತಿ ಬಿಳಿ. ನಿಮ್ಮ ಮಂದಿಗೆ ಆಗಲ್ಲಂತ ಗೊತ್ತೈತಮ್ಮ. ಆದ್ರ ಬ್ಯಾರೆ ಯಾವ್ದೂ ಇಷ್ಟು ಬಿಗಿ ಹಿಡಿಯಲ್ಲ." ಬಿದಿರ ಕಡ್ಡಿ ಇಟ್ಟು, ಬಟ್ಟೆ ಸುತ್ತಿ, ಅಂಗೈ ಪೂರ್ತಿ ಮುಚ್ಚುವಂತೆ ಕಟ್ಟಿದರು. "ಹನ್ನೆರಡು ದಿನ ಮುಟ್ಟಬ್ಯಾಡ್ರಿ. ಹದಿಮೂರನೇ ದಿನ ನಾನೇ ಬಿಚ್ತೀನಿ. ಆಮ್ಯಾಲೆ ಕಲ್ಲು ಒಗೆದ್ರೂ ಹಿಡೀತೈತೆ ಈ ಕೈ."

ಹನ್ನೆರಡು ದಿನ. ಉಳಿದ ಹದಿನೈದರಲ್ಲಿ ಹನ್ನೆರಡು ಕಳೆದರೂ ಕೈಯಲ್ಲಿ ದಿನ ಉಳಿಯುತ್ತಿದ್ದವು. ವಾಪಸು ಬರುವಾಗ ಅಣ್ಣ ರೈಲಿನ ಕಿಟಕಿಯಲ್ಲಿ ಸಿಳ್ಳೆ ಹಾಕುತ್ತಿದ್ದ.

ಮನೆಯಲ್ಲಿ, ಬೆರಳು ಉಳುಕಿದೆ, ಉದ್ದಿನ ಹಿಟ್ಟಿನ ಪಟ್ಟು ಹಾಕಿದ್ದಾರೆ ಅಂತ ಹೇಳಿದೆವು. ನಮ್ಮ ಮನೆಯಲ್ಲಿ ಇಷ್ಟಲಿಂಗದ ಪೂಜೆಯಾಗದೆ ಯಾರೂ ಹನಿ ನೀರು ಕುಡಿಯುವಂತಿರಲಿಲ್ಲ. ಲಿಂಗವನ್ನು ಕರಡಿಗೆಯಿಂದ ತೆಗೆದು ಎಡ ಅಂಗೈಯ ಮೇಲೆ ಇಟ್ಟುಕೊಂಡೇ ಪೂಜೆ. ಅಣ್ಣ ಕಟ್ಟಿನ ಮೇಲೆಯೇ ಇಟ್ಟುಕೊಂಡು ಮೂರು ದಿನ ಹೇಗೋ ಮುಗಿಸಿದ. ನಾಲ್ಕನೇ ದಿನ, ಬೇಸಗೆಯಲ್ಲವೇ, ಕಟ್ಟು ನಾರಲು ಶುರುವಾಯಿತು. ಅವ್ವ ಅವನನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು.

"ಗಿರಿಜಾ, ಆ ಕಟ್ಟಿನಾಗ ಏನೈತೆ?"

ದೇವರ ಗೂಡಿನ ಮುಂದೆ ಕೇಳಿದಳು. ನಾನು ಹೇಳಿಬಿಟ್ಟೆ.

ಅವ್ವ ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಗೋಡೆಗೆ ಒರಗಿ ಕೂತಳು. "ಮೂರು ದಿನ ಅದರ ಮ್ಯಾಲೆ ಲಿಂಗ ಇಟ್ಟಿಯಲ್ಲೋ ಕೊಟ್ರಾ" ಅಂದಳು. ಬಲಗೈಯಲ್ಲಿ ಹಿಡಿಯುತ್ತೇನೆ, ತಟ್ಟೆಯಲ್ಲಿಡುತ್ತೇನೆ, ಎಂಟೇ ದಿನ ಅವ್ವಾ, ಅಂತ ಅಣ್ಣ ಅಂಗಲಾಚಿದ. ಅವಳು ಅವತ್ತು ಊಟ ಮಾಡಲಿಲ್ಲ. ಮರುದಿನ ನೀರೂ ಮುಟ್ಟಲಿಲ್ಲ. ಸಂಜೆಗೆ ಅವಳ ತುಟಿ ಒಣಗಿ ಬಿರಿದಿತ್ತು. ಅಣ್ಣ ಪಡಸಾಲೆಯಲ್ಲಿ ನನ್ನ ಮುಂದೆ ಎಡಗೈ ಚಾಚಿದ.

"ಕತ್ತರಿ ತಾ."

ಒಂದು ಮಾತು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಬಟ್ಟೆ ಕಲ್ಲಿನಂತೆ ಗಟ್ಟಿಯಾಗಿತ್ತು. ಕತ್ತರಿಸಿ ಕತ್ತರಿಸಿ ನನ್ನ ಬೆರಳಿಗೆ ಬೊಬ್ಬೆ ಬಂತು. ಬಿಸಿನೀರು, ಸೀಗೆಪುಡಿ ಹಾಕಿ ಕೈ ತೊಳೆದೆ. ಅವನು ಸ್ನಾನ ಮಾಡಿ ಬಂದು ಪೂಜೆಗೆ ಕೂತ. ಅವ್ವ ಎದ್ದು ಉಂಡಳು. ಮಾರನೆಯ ದಿನ ಹೋಳಿಗೆ ಮಾಡಿದಳು. ನಾನು ನಾಲ್ಕು ತಿಂದೆ. ನಾನು ಅವತ್ತು ಸಂತೋಷವಾಗಿದ್ದೆ.

ಪಂದ್ಯದ ಕಡೆಯ ದಿನ ಪಕ್ಕದ ವಕೀಲರ ಮನೆಯಲ್ಲಿ ರೇಡಿಯೋ ಮುಂದೆ ಕೂತಿದ್ದೆ. ಇಂಗ್ಲಿಷು ನನಗೆ ತಿಳಿಯದು. ಒಮ್ಮೆಲೇ ರೇಡಿಯೋದಲ್ಲಿ ಹೋ ಅಂತ ಜನ ಕೂಗಿದರು. ವಕೀಲರು ತೊಡೆ ಬಡಿದುಕೊಂಡರು. "ಏ, ಬಿಟ್ಟನಲ್ರೀ! ಕೈಯಾಗ ಬಂದ ಕ್ಯಾಚು!" ಬದುಕಿಕೊಂಡ ಆ ಆಟಗಾರ ಸಂಜೆಯವರೆಗೆ ಕದಲಲಿಲ್ಲವಂತೆ. ಗೆಲ್ಲಬೇಕಾದ ಪಂದ್ಯ ಡ್ರಾ ಆಗಿ ಮುಗಿಯಿತು. ನಾನು ಎದ್ದು ಮನೆಗೆ ಬಂದು ಕತ್ತರಿಯನ್ನು ಟ್ರಂಕಿನ ತಳಕ್ಕೆ ಹಾಕಿದೆ.

ಅಣ್ಣ ಬಂದ ದಿನ ಸ್ಟೇಷನ್ನಿಗೆ ಹೋದವಳು ನಾನೊಬ್ಬಳೇ. ಹೋಗುವಾಗ ಹಾರ ಹಾಕಿದವರಿಗೆ ಅವತ್ತು ಏನೇನೋ ಕೆಲಸ. "ಚೆಂಡು ಬಂದದ್ದು ಗೊತ್ತಾತು ಗಿರಿಜಾ" ಅಂದ. "ಹೆಬ್ಬೆರಳು ಮಡಚಲೇ ಇಲ್ಲ." ಸ್ವಲ್ಪ ದೂರ ನಡೆದ ಮೇಲೆ, "ಅವ್ವಗ ಹೇಳಬ್ಯಾಡ" ಅಂದ. ಆ ಸಲ ನಾನು ಹೇಳಲಿಲ್ಲ.

ಮತ್ತೆ ಅವನಿಗೆ ಕಾಗದ ಬರಲಿಲ್ಲ. ಮುಂದಿನ ವರ್ಷ ರಾಜ್ಯದ ತಂಡದಲ್ಲೂ ಹೆಸರಿಲ್ಲ. ಗಿರಣಿಯ ಲೆಡ್ಜರಿಗೆ ಬಲಗೈ ಸಾಕಾಗಿತ್ತು. ಎಲುಬು ಸೊಟ್ಟಗೆ ಕೂಡಿ ಎಡ ಅಂಗೈ ಹೊರಕ್ಕೆ ವಾಲಿತು. ಒಂದು ಬೆಳಿಗ್ಗೆ ಪೂಜೆಯಲ್ಲಿ ಲಿಂಗ ಜಾರಿ ಇನ್ನೇನು ಬೀಳಬೇಕು, ಅವ್ವ ಹಾರಿ ಬಂದು ತನ್ನ ಅಂಗೈಯನ್ನು ಅವನ ಅಂಗೈಯ ಕೆಳಗೆ ಕೊಟ್ಟಳು. ಆ ವಾಲಿದ ಕೈಯನ್ನು ಅಷ್ಟು ಹತ್ತಿರದಿಂದ ಅವಳು ನೋಡಿದ್ದು ಅವತ್ತೇ ಇರಬೇಕು. ಅವಳಿಗೆ ಎಲ್ಲ ತಿಳಿಯಿತು. ಅವತ್ತಿನಿಂದ ದಿನಾ ಬೆಳಿಗ್ಗೆ ಅವನ ಎದುರು ಕೂತು ಕೈ ಕೊಟ್ಟಳು. ಹಾಸಿಗೆ ಹಿಡಿದ ಮೇಲೆ ಒಂದು ದಿನ ನನ್ನ ಹತ್ತಿರ ಅಂದಳು: "ಎಂಟು ದಿನ ಉಪವಾಸ ಇದ್ದಿದ್ರೂ ನಾನೇನು ಸಾಯ್ತಿದ್ದಿಲ್ಲ."

ಅವಳು ಹೋದ ಮೇಲೆ ಆ ಕೆಲಸ ನನಗೆ ಬಂತು. ಅಣ್ಣ ಮದುವೆಯಾಗಲಿಲ್ಲ. ನನ್ನನ್ನು ಕೊಟ್ಟಿದ್ದು ಪಕ್ಕದ ಬೀದಿಗೆ. ಈ ಬಡಾವಣೆಗೆ ಬರುವಾಗ ಅವನೂ ನಮ್ಮ ಜೊತೆಯೇ ಬಂದ. ದಿನಾ ಏಳು ಗಂಟೆಗೆ ಅವನ ಅಂಗೈಯ ಕೆಳಗೆ ನನ್ನ ಬಲಗೈ. ತಪ್ಪಾಯಿತು ಅಣ್ಣ ಅಂತ ಹೇಳಲು ನನಗೆ ಅಷ್ಟು ಸಾವಿರ ಬೆಳಿಗ್ಗೆಗಳು ಸಿಕ್ಕಿದ್ದವು. ಹೇಳಲಿಲ್ಲ.

ಹೋದ ವರ್ಷ ಅವನನ್ನು ಶಾಮನೂರಿನ ನಮ್ಮ ಹೊಲದಲ್ಲಿ ಸಮಾಧಿ ಮಾಡಿದೆವು. ಕೂರಿಸಿ, ಎಡ ಅಂಗೈಯಲ್ಲಿ ಅವನ ಲಿಂಗ ಇಟ್ಟರು. ನಿಲ್ಲಲಿಲ್ಲ, ಜಾರಿತು. ಗುಂಡಿಯ ಅಂಚಿನಲ್ಲಿ ಕೂತಿದ್ದ ನಾನು ಬಗ್ಗಿ ಕೈ ಕೊಟ್ಟೆ. ಎಷ್ಟು ಹೊತ್ತು ಹಾಗಿದ್ದೆನೋ. "ಕೈ ತೆಗೀರಿ ತಾಯಿ, ಮಣ್ಣು ಹಾಕಬೇಕು" ಅಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು. ಆಮೇಲೆ ಅವರೇ ಬಿಳಿ ಬಟ್ಟೆ ಹರಿದು, ಲಿಂಗ ಬೀಳದ ಹಾಗೆ ಅಂಗೈಗೆ ಬಿಗಿಯಾಗಿ ಸುತ್ತಿ ಕಟ್ಟಿದರು. ಖಾಸಿಂ ಸಾಬರು ಕಟ್ಟಿದ ಹಾಗೇ ಇತ್ತು. ಅದನ್ನು ಯಾರೂ ಬಿಚ್ಚಲಿಲ್ಲ.

ಬಚ್ಚಲಿನ ಬಾಗಿಲು ತೆರೆಯಿತು. ಮೊಮ್ಮಗಳು ಒದ್ದೆ ತಲೆಯಲ್ಲಿ ಹೆದರಿಕೊಂಡೇ ಬಂದಳು. "ಸಾರಿ ಅಜ್ಜಿ. ಇನ್ನೊಂದು ಉಳಿದೈತೆ, ಹೊರಗ ಒಗೆದು ಬರ್ತೀನಿ."

"ಕೊಡಿಲ್ಲಿ" ಅಂದೆ.

ಈ ವಯಸ್ಸಿಗೆ ಮೊದಲ ಸಲ ಮೊಟ್ಟೆಯನ್ನು ಕೈಯಲ್ಲಿ ತೆಗೆದುಕೊಂಡೆ. ತಣ್ಣಗಿತ್ತು, ನುಣ್ಣಗಿತ್ತು, ತೂಕವೇ ಇರಲಿಲ್ಲ. ಇಷ್ಟಕ್ಕೇನಾ, ಅಂತ ಅಳು ಬಂತು. ಸೊಸೆ ಬೈಯುವುದನ್ನು ಮರೆತು ನನ್ನನ್ನೇ ನೋಡುತ್ತಿದ್ದಳು. ಆಗ ನಾನೂ ನೋಡಿಕೊಂಡೆ: ಮೊಟ್ಟೆ ಎಡ ಅಂಗೈಯಲ್ಲಿತ್ತು, ಬಲಗೈ ತಾನಾಗಿಯೇ ಅದರ ಕೆಳಗೆ ಹೋಗಿತ್ತು.