ದಾರಕ್ಕೆ ಹೌದೆಂದ ಕಾಲು

ಸಕ್ಕರೆ ಕಾಯಿಲೆಯವರ ನರ ಹಾಳಾಗುವುದನ್ನು, ಕಾಲು ಮರಗಟ್ಟುವ ಮೊದಲೇ ರಕ್ತದಲ್ಲಿ ಕಂಡುಹಿಡಿಯಬಹುದೇ ಎಂದು ನೋಡುವ ಸಂಶೋಧನೆಯೊಂದಕ್ಕೆ ನಾನು ಅಥಣಿ ತಾಲ್ಲೂಕಿನ ಹಳ್ಳಿಗಳಲ್ಲಿ ರಕ್ತ ತೆಗೆಯುತ್ತಿದ್ದೆ. ಹುಡುಕುವವರು ದೊಡ್ಡ ಊರಿನ ಪ್ರಯೋಗಾಲಯದಲ್ಲಿದ್ದರು. ನನ್ನದು ಸೂಜಿ, ಐಸ್ ಡಬ್ಬಿ ಮತ್ತು ಒಂದು ನೈಲಾನ್ ದಾರದ ಕೆಲಸ. ಆ ದಾರವನ್ನು ಅಂಗಾಲಿಗೆ ಒತ್ತಿ, ಗೊತ್ತಾಯಿತೇ ಎಂದು ಕೇಳಬೇಕು. ಗೊತ್ತಾದವರ ರಕ್ತ ಒಂದು ಸಾಲಿಗೆ, ಗೊತ್ತಾಗದವರದು ಇನ್ನೊಂದು ಸಾಲಿಗೆ. ಎರಡನ್ನೂ ಹೋಲಿಸಿ ವ್ಯತ್ಯಾಸ ಹುಡುಕುತ್ತಾರೆ.

ತೆಲಸಂಗದ ಹತ್ತಿರ ದ್ರಾಕ್ಷಿ ಬೆಳೆಯುವ ಹಿರಿಯ ರೈತರೊಬ್ಬರಿದ್ದರು. ನಾನು ಕಾಕಾ ಎನ್ನುತ್ತಿದ್ದೆ. ಮನೆಗೆ ಬಂದವರಿಗೆ ಚಹಾ ಕುಡಿಸದೆ ಮಾತೇ ಶುರು ಮಾಡದವರು. ಕಣ್ಣು ಮುಚ್ಚಿಸಿ ದಾರ ಒತ್ತಿದೆ.

“ಗೊತ್ತಾತೇನ್ರಿ ಕಾಕಾ?”

“ಹೌದ್ರಿ ಅಕ್ಕಾರ.”

ಹತ್ತು ಕಡೆ ಒತ್ತಿದೆ, ಹತ್ತೂ ಸಲ ಹೌದು. ನಡುನಡುವೆ ಒತ್ತದೆಯೂ ಕೇಳಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ಇನ್ನೂ ನಾಲ್ಕು ಮನೆ ಬಾಕಿಯಿತ್ತು, ಅದನ್ನು ಬಿಟ್ಟೆ. ಬಿಸಿಲೇರಿದರೆ ನನಗೆ ತಾಳ್ಮೆ ಕಡಿಮೆ. ರಕ್ತ ತೆಗೆದು, ಕೊಳವೆಗೆ ‘ನರ ಸರಿ’ ಎಂಬ ಚೀಟಿ ಅಂಟಿಸಿ ಎದ್ದೆ.

ಆರು ತಿಂಗಳ ನಂತರ ಎರಡನೇ ಸಲ ರಕ್ತ ತೆಗೆಯಲು ಹೋದೆ. ಕಾಕಾ ಬರಿಗಾಲಲ್ಲೇ ಗೇಟಿನವರೆಗೆ ಬಂದು ಕರೆದುಕೊಂಡು ಹೋದರು. ಅವರು ನಡೆದಲ್ಲೆಲ್ಲ ಫರಸಿ ಕಲ್ಲಿನ ನೆಲದ ಮೇಲೆ ಒದ್ದೆ ಕಲೆ ಬೀಳುತ್ತಿತ್ತು. ಕಾಲೆತ್ತಿಸಿ ನೋಡಿದರೆ, ದ್ರಾಕ್ಷಿ ಚಪ್ಪರದ ತಂತಿಯ ತುಂಡೊಂದು ಹೆಬ್ಬೆರಳಿನ ಬುಡದಲ್ಲಿ ಮುರಿದು ಕೂತಿತ್ತು. ಸುತ್ತಲೂ ಕಪ್ಪಾಗಿತ್ತು. ಯಾವಾಗ ಚುಚ್ಚಿತೋ ಅವರಿಗೇ ತಿಳಿದಿರಲಿಲ್ಲ.

ನನಗೆ ಸಿಟ್ಟು ಬಂತು. “ಮತ್ತ ಅವತ್ತ ಗೊತ್ತಾಕ್ಕೈತಿ ಅಂದಿದ್ರಲ್ರಿ?”

“ನೀವು ಪಾಪ, ಬಿಸಲಾಗ ಅಷ್ಟ ದೂರಿಂದ ಬಂದಿದ್ರಿ. ಮನಿಗೆ ಬಂದವರಿಗೆ ಹತ್ತ ಸಲ ಇಲ್ಲ ಅನ್ನಾಕ ಬಾಯಿ ಬರಲಿಲ್ರಿ.”

ಆ ಸಿಟ್ಟು ನನ್ನ ಮೇಲೇ ತಿರುಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರಕ್ತ ಯಾರ ಮುಲಾಜೂ ನೋಡುವುದಿಲ್ಲ, ಅದಕ್ಕೇ ತಾನೆ ಅಲ್ಲಿ ಹುಡುಕುವುದು. ಅಂಥ ರಕ್ತಕ್ಕೆ ಮುಲಾಜಿನ ಚೀಟಿ ಅಂಟಿಸಿದವಳು ನಾನು.

ಅಂದೇ ಮನೆಯವರೂ ನಾನೂ ಸೇರಿ ಅವರನ್ನು ಅಥಣಿಯ ಆಸ್ಪತ್ರೆಗೆ ಕರೆದೊಯ್ದೆವು. ಹೆಬ್ಬೆರಳು ಉಳಿಯಲಿಲ್ಲ. ಪ್ರಯೋಗಾಲಯಕ್ಕೆ ಫೋನ್ ಮಾಡಿ ಅವರ ಕೊಳವೆಯನ್ನು ‘ನರ ಸರಿ’ ಸಾಲಿನಿಂದ ತೆಗೆಸಿದೆ. ಇನ್ನೆಷ್ಟು ಜನ ನನ್ನ ಮುಲಾಜಿಗೆ ಹೌದೆಂದಿದ್ದರೋ ಗೊತ್ತಿಲ್ಲ. ಪಟ್ಟಿ ಹಿಡಿದು ಎಲ್ಲರ ಮನೆಗೂ ಮತ್ತೆ ಹೋಗುವುದೆಂದು ತೀರ್ಮಾನಿಸಿದೆ.

ಹೊರಡುವ ಮುನ್ನ ಆಸ್ಪತ್ರೆಯಲ್ಲಿ ಕಾಕಾ ಅವರನ್ನು ನೋಡಲು ಹೋದೆ. ಬ್ಯಾಂಡೇಜು ಸುತ್ತಿದ ಕಾಲನ್ನು ನನಗೆ ಕಾಣದಂತೆ ಚಾದರದೊಳಗೆ ಎಳೆದುಕೊಂಡರು.

“ನನ್ನಿಂದ ನಿಮ್ಮ ಕೆಲಸ ಕೆಟ್ತೇನ್ರಿ ಅಕ್ಕಾರ?”

“ಇಲ್ರಿ ಕಾಕಾ,” ಎಂದೆ.